ಬೆಂಕಿ ಹುಟ್ಟಿದ ಜಾಗ ಹುಡುಕುವ ಬೂದಿಯಕ್ಕ

ಬೆಳಕು ಈಗಷ್ಟೇ ಹರಿಯುತ್ತಿದೆ. ಸುಟ್ಟುಹೋದ ಹೊಲಿಗೆ ಕಾರ್ಖಾನೆಯೊಳಗೆ ಒಬ್ಬ ಹೆಂಗಸು ಹಲಗೆಯ ಮೇಲೆ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಬಣ್ಣ ಬಳಿಯುವ ಅಗಲ ಕುಂಚ, ಪಕ್ಕದಲ್ಲಿ ತಗಡಿನ ತಟ್ಟೆಗಳ ಸಾಲು, ಒಂದು ಜರಡಿ. ತಲೆಯ ಮೇಲೆ ಚಾವಣಿಯ ತಗಡು ಸೊಟ್ಟಗೆ ಜೋತುಬಿದ್ದಿದೆ. ಅವರು ಬೂದಿಯನ್ನು ಗುಡಿಸುತ್ತಿಲ್ಲ, ಪದರ ಪದರವಾಗಿ ಬಿಡಿಸುತ್ತಿದ್ದಾರೆ. ಮೇಲಿನ ಪದರ ಒಂದು ತಟ್ಟೆಗೆ, ಅದರ ಕೆಳಗಿನದು ಇನ್ನೊಂದಕ್ಕೆ.

"ಕೊನೇಲಿ ಬಿದ್ದಿದ್ದು ಮೇಲಿರುತ್ತೆ, ಮೊದಲು ಬಿದ್ದಿದ್ದು ತಳದಲ್ಲಿ. ನಾವು ಕೊನೆಯಿಂದ ಮೊದಲಿಗೆ ಹೋಗ್ಬೇಕು" ಎನ್ನುತ್ತಾರೆ, ತಲೆ ಎತ್ತದೆ.

ಅಗ್ನಿಶಾಮಕ ಕಚೇರಿಯಲ್ಲಿ ಇವರಿಗೆ ಬೂದಿಯಕ್ಕ ಎಂದೇ ಹೆಸರು. ಹುದ್ದೆಯ ಪಟ್ಟಿಯಲ್ಲಿ ಈಗಲೂ ಕಸ ಗುಡಿಸುವವರು. ಬೆಂಕಿ ನಂದಿಸಿದ ಸಿಬ್ಬಂದಿ ವಾಹನ ಹತ್ತಿ ಹೋದ ಮೇಲೆ, ಸುಟ್ಟ ಜಾಗ ತಣ್ಣಗಾದ ಮೇಲೆ, ಇವರ ಕೆಲಸ ಶುರು. ಬೆಳಗಿನ ಓರೆ ಬೆಳಕಿನಲ್ಲಿ ಗೋಡೆಯ ಮಸಿಯ ಗುರುತು ಚೆನ್ನಾಗಿ ಕಾಣುತ್ತದೆ ಎಂದು ಸೂರ್ಯ ಏಳುವ ಮೊದಲೇ ಬಂದು ಕೂರುತ್ತಾರೆ.

ಈ ಕೆಲಸದ ಕೊನೆಗೆ ಬರುವುದು ಒಂದೇ ಒಂದು ವಾಕ್ಯ. ವಿಮೆಯವರು, ನ್ಯಾಯಾಲಯದವರು ಓದಬೇಕಾದ್ದರಿಂದ ವರದಿ ಇಂಗ್ಲಿಷಿನಲ್ಲಿರುತ್ತದೆ. ಅದರಲ್ಲಿ ಎಲ್ಲರೂ ಮೊದಲು ಹುಡುಕುವುದು 'ದ ಫೈರ್ ಒರಿಜಿನೇಟೆಡ್' ಎಂದು ಶುರುವಾಗುವ ಸಾಲನ್ನು. ಬೆಂಕಿ ಹುಟ್ಟಿದ್ದು ಎಲ್ಲಿ ಎಂದು ಹೇಳುವ ಸಾಲು ಅದು. ಬೂದಿಯಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಈ ಕ್ರಿಯಾಪದವೊಂದು ಬರುತ್ತದೆ.

"ಮೊದಮೊದಲು ನಾನು ಅದನ್ನ 'ಬೆಂಕಿ ಹಚ್ಚಿದ್ದು ಯಾರು' ಅಂತ ತಿಳ್ಕೊಂಡಿದ್ದೆ. ಒರಿಜಿನೇಟ್ ಅಂತ ಕಿವಿಗೆ ಬಿದ್ದ ತಕ್ಷಣ, ಯಾರೋ ಸಿಕ್ಕಿಬಿದ್ರು ಅನ್ಕೋತಿದ್ದೆ" ಎಂದು ನೆನೆಯುತ್ತಾರೆ. "ಸಾರ್ ಕೂರಿಸ್ಕೊಂಡು ಹೇಳಿದ್ರು. ಈ ಮಾತು ಮನುಷ್ಯರನ್ನ ಕೇಳೋದಿಲ್ಲ, ಜಾಗ ಕೇಳುತ್ತೆ. ಎಲ್ಲಿ ಅಂತ ಗೊತ್ತಾಗದೇ ಇದ್ರೆ ಆ ಮಾತನ್ನ ಬಳಸೋ ಹಾಗೇ ಇಲ್ಲ."

ಸಾರ್ ಎಂದರೆ ತನಿಖಾಧಿಕಾರಿ. ಮಿತಭಾಷಿ. ಕನ್ನಡಕವನ್ನು ಹಣೆಗೇರಿಸಿಕೊಂಡು ತಟ್ಟೆಗಳನ್ನು ಒಂದೊಂದಾಗಿ ನೋಡುತ್ತಾರೆ. "ಎಲ್ಲಿ ಹುಟ್ಟಿತು, ಯಾಕೆ ಹುಟ್ಟಿತು, ಯಾರ ತಪ್ಪು. ಇವು ಮೂರು ಬೇರೆ ಬೇರೆ ಪ್ರಶ್ನೆ. ಜನ ಮೂರಕ್ಕೂ ಒಂದೇ ಉತ್ತರ ಕೇಳ್ತಾರೆ" ಎನ್ನುವ ಅವರು, ಬೂದಿಯಕ್ಕನ ಬಗ್ಗೆ ಕೇಳಿದರೆ, "ಕೈ ನಿಧಾನ. ಈ ಕೆಲಸಕ್ಕೆ ಅದೇ ಬೇಕು" ಎಂದಷ್ಟೇ ಹೇಳುತ್ತಾರೆ.

ಈ ಕಾರ್ಖಾನೆಯಲ್ಲಿ ಆ ಮೂರೂ ಪ್ರಶ್ನೆಗೆ ಜನ ಆಗಲೇ ಉತ್ತರ ಕೊಟ್ಟುಬಿಟ್ಟಿದ್ದಾರೆ. ಬೆಂಕಿ ಬಿದ್ದದ್ದು ಕಳೆದ ವಾರ, ಸಂಜೆ ಕೆಲಸ ಮುಗಿದು ಎಲ್ಲರೂ ಹೊರಟ ಮೇಲೆ. ಜೀವ ಹೋಗಲಿಲ್ಲ. ಹೊಲಿಗೆ ಯಂತ್ರ, ಬಟ್ಟೆಯ ಥಾನು, ಸಿದ್ಧ ಉಡುಪು ಎಲ್ಲ ಹೋಯಿತು. ಒಳಗೆ ಅತಿ ಹೆಚ್ಚು ಸುಟ್ಟಿರುವುದು ಹಿಂಗೋಡೆಯ ಬಳಿಯ ಇಸ್ತ್ರಿ ಮೇಜು. ಅದರ ಕಾಲು ಕೂಡ ಉಳಿದಿಲ್ಲ. ಹಾಗಾಗಿ ಇಸ್ತ್ರಿ ಮಾಡುವ ಹೆಂಗಸು ಪೆಟ್ಟಿಗೆ ಆರಿಸದೆ ಹೋದಳು ಎಂಬ ಮಾತು ಹಬ್ಬಿತು. ವರದಿ ಬರುವವರೆಗೆ ಕಣ್ಣಿಗೆ ಬೀಳಬೇಡ ಎಂದು ಮಾಲೀಕರು ಹೇಳಿಕಳಿಸಿದರು. ಜೊತೆಯವರು ಮಾತು ಬಿಟ್ಟರು.

ಆ ಹೆಂಗಸು ಕಾರ್ಖಾನೆಯ ಗೇಟಿನ ಹೊರಗೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿದ್ದಾರೆ. ದಿನವೂ ಬರುತ್ತಾರೆ. ಐವತ್ತರ ಮೇಲಿನ ವಯಸ್ಸು, ಬಲಗೈಯ ಮಣಿಕಟ್ಟಿನ ಮೇಲೆ ಹಬೆ ತಾಗಿದ ಹಳೆಯ ಕಲೆಗಳು. ನೀವು ಆರಿಸಿದ್ದಿರಾ ಎಂದು ಕೇಳಿದರೆ ಆ ಕಲೆಗಳನ್ನು ಸವರಿಕೊಳ್ಳುತ್ತಾರೆ.

"ಪ್ಲಗ್ ಕಿತ್ತೆ ಅಂತ ಕೈ ಹೇಳುತ್ತೆ. ತಲೆ ನಂಬೋದಿಲ್ಲ. ಇಷ್ಟು ವರ್ಷ ದಿನಾ ಕಿತ್ತಿದೀನಿ, ಎಲ್ಲಾ ದಿನಾನೂ ಕಲಸ್ಕೊಂಡುಬಿಟ್ಟಿದೆ. ಆವತ್ತು ಕಿತ್ತಿದ್ದು ನೆನಪಾಗುತ್ತೋ, ಹಿಂದಿನ ದಿನ ಕಿತ್ತಿದ್ದೋ ಗೊತ್ತಾಗ್ತಿಲ್ಲ" ಎನ್ನುತ್ತಾರೆ. ಆಮೇಲೆ, "ನನ್ನಿಂದಲೇ ಇರ್ಬೇಕು. ಎಲ್ರೂ ಹೇಳ್ತಿದಾರಲ್ಲ" ಎಂದು ಸೇರಿಸುತ್ತಾರೆ.

ಬೂದಿಯಕ್ಕ ಈ ಹೆಂಗಸನ್ನು ದಾಟಿಕೊಂಡೇ ಒಳಗೆ ಹೋಗಬೇಕು, ಹೊರಗೆ ಬರಬೇಕು. ಮಾತಾಡುವುದಿಲ್ಲ. ವರದಿಗೆ ಸಹಿ ಬೀಳುವವರೆಗೆ ಗೇಟಿನಲ್ಲಿ ತುಟಿ ಬಿಚ್ಚಕೂಡದು ಎಂಬುದು ಕಚೇರಿಯ ನಿಯಮ. "ಅವರ ಮುಖ ನೋಡಿದ್ರೆ ಏನಾದ್ರೂ ಹೇಳಿಬಿಡೋಣ ಅನ್ಸುತ್ತೆ. ಆದ್ರೆ ತಳದ ಪದರ ಇನ್ನೂ ತೆಗೆದಿಲ್ಲ. ಮೇಲಿಂದು ನೋಡಿ ಸಮಾಧಾನ ಹೇಳಿ, ಕೆಳಗೆ ಬೇರೇನೋ ಸಿಕ್ರೆ? ಅವಾಗ ಅವರನ್ನ ಎರಡು ಸಲ ಸುಟ್ಟ ಹಾಗಾಗುತ್ತೆ."

ಜಾಸ್ತಿ ಸುಟ್ಟ ಜಾಗವೇ ಹುಟ್ಟಿದ ಜಾಗವಲ್ಲವೇ? "ಎಲ್ರೂ ಹಾಗೇ ಅನ್ಕೋತಾರೆ" ಎನ್ನುತ್ತಾ ಅವರು ಜರಡಿ ಅಲ್ಲಾಡಿಸುತ್ತಾರೆ. "ಅಲ್ಲಿ ಸುಡೋಕೆ ಜಾಸ್ತಿ ಸಾಮಾನಿತ್ತು ಅಂತ ಅದರರ್ಥ, ಅಷ್ಟೇ. ಮರದ ಮೇಜು, ಮೇಲೆ ಕಂಬಳಿ, ಪಕ್ಕದಲ್ಲಿ ಬಟ್ಟೆ ರಾಶಿ. ಬೆಂಕಿ ಎಲ್ಲೋ ಹುಟ್ಟಿ, ಎಲ್ಲೋ ಊಟ ಮಾಡುತ್ತೆ."

ಈ ಕೆಲಸಕ್ಕೆ ಬೂದಿಯಕ್ಕ ತಾವಾಗಿ ಬಂದವರಲ್ಲ. ಹದಿನೆಂಟು ವರ್ಷದ ಹಿಂದೆ ಅವರ ಬಾಡಿಗೆ ಮನೆಗೇ ಬೆಂಕಿ ಬಿದ್ದಿತ್ತು. ಅವರು ಆಗ ಕೆಲಸಕ್ಕೆ ಹೋಗಿದ್ದರು. ಒಳಗೆ ಮಲಗಿದ್ದ ಗಂಡ ಬದುಕಲಿಲ್ಲ. ತನಿಖೆಯವರು ಬರುವ ಹೊತ್ತಿಗೆ ಮನೆಯನ್ನು ಗುಡಿಸಿ, ನೀರು ಹಾಕಿ ತೊಳೆದಾಗಿತ್ತು. ವರದಿಯಲ್ಲಿ 'ಒರಿಜಿನೇಟೆಡ್' ಎಂಬ ಸಾಲು ಬರಲಿಲ್ಲ. ಬೆಂಕಿ ಹುಟ್ಟಿದ ಜಾಗ ಗೊತ್ತುಮಾಡಲಾಗಿಲ್ಲ ಎಂದು ಮಾತ್ರ ಇತ್ತು. ಗೊತ್ತಿಲ್ಲ ಎಂದು ಬರೆದ ಕಡೆ ಜನ ತಮ್ಮ ಮಾತನ್ನು ತುಂಬಿಕೊಂಡರು. ಹೆಂಡತಿ ಒಲೆ ಆರಿಸದೆ ಹೋದಳು ಎಂಬ ಮಾತು ಬೀದಿಯಲ್ಲೂ ಓಡಾಡಿತು, ನೆಂಟರ ಮನೆಗಳಲ್ಲೂ ಓಡಾಡಿತು.

ಕನಿಕರದಿಂದ ಯಾರೋ ಅಗ್ನಿಶಾಮಕ ಕಚೇರಿಯಲ್ಲಿ ಕಸ ಗುಡಿಸುವ ಕೆಲಸ ಕೊಡಿಸಿದರು. ಒಮ್ಮೆ ಆಳು ಕಮ್ಮಿ ಬಿದ್ದಾಗ ತನಿಖಾಧಿಕಾರಿ ಇವರನ್ನು ಸುಟ್ಟ ಅಂಗಡಿಯೊಂದಕ್ಕೆ ಕರೆದೊಯ್ದರು. "ನಾನು ಪೊರಕೆ ತಗೊಂಡು ಹೋಗಿದ್ದೆ. ಸಾರ್ ಅದನ್ನ ಕಿತ್ಕೊಂಡ್ರು. ಗುಡಿಸೋ ಕೆಲಸಕ್ಕೆ ಸೇರಿಸ್ಕೊಂಡು ಮೊದಲ ಪಾಠ ಹೇಳಿದ್ದು ಗುಡಿಸಬೇಡ ಅಂತ" ಎಂದು ನಗುತ್ತಾರೆ. ಈ ಸಂದರ್ಶನದ ಉದ್ದಕ್ಕೂ ಅವರು ನಕ್ಕಿದ್ದು ಅಪರೂಪ. "ಯಾಕೆ ಅಂತ ಕೇಳಿದೆ. ಗುಡಿಸಿದ್ರೆ ಬೆಂಕಿ ಹುಟ್ಟಿದ ಗುರುತೇ ಹೋಗುತ್ತೆ ಅಂತ ಹೇಳಿದ್ರು. ಆವತ್ತು ಮನೆಗೆ ಹೋಗಿ ಊಟ ಸೇರಲಿಲ್ಲ."

ವಾಹನ ಚಾಲಕರು ಇವರನ್ನು ರೇಗಿಸುವುದೂ ಆ ಪದದಿಂದಲೇ. ಟೀ ತಣ್ಣಗಾಗಿದ್ದರೆ, "ಅಕ್ಕಾ, ಈ ಅನ್ಯಾಯ ಎಲ್ಲಿ ಒರಿಜಿನೇಟ್ ಆಯ್ತು ನೋಡಿ" ಎನ್ನುತ್ತಾರೆ. "ನೀನು ಎದ್ದ ಹಾಸಿಗೇಲಿ" ಎಂದು ಅಕ್ಕ ಬಾಯಿ ಮುಚ್ಚಿಸುತ್ತಾರೆ.

ಮೂರನೆಯ ಬೆಳಗ್ಗೆ ಇಸ್ತ್ರಿ ಮೇಜಿನ ಜಾಗದಲ್ಲಿ ತಳದ ಪದರ ಬಿಚ್ಚಿಕೊಳ್ಳುತ್ತದೆ. ಮೊದಲು ಸಿಗುವುದು ಇಸ್ತ್ರಿಪೆಟ್ಟಿಗೆಯ ಪ್ಲಗ್ಗು. ಅದರ ಹಿತ್ತಾಳೆಯ ಮೂರು ಕಡ್ಡಿಗಳಿಗೂ ಸುತ್ತಲೂ ಮಸಿ ಹಿಡಿದಿದೆ. ಸಾಕೆಟ್ಟಿನೊಳಗೆ ಇದ್ದಿದ್ದರೆ ಕಡ್ಡಿಗಳು ಹೊಳಪು ಉಳಿಸಿಕೊಳ್ಳುತ್ತಿದ್ದವು. ಬೂದಿಯಕ್ಕ ಅದನ್ನು ಅಂಗೈಯಲ್ಲಿಟ್ಟು ತಿರುಗಿಸಿ ತಿರುಗಿಸಿ ನೋಡುತ್ತಾರೆ. ಆಮೇಲೆ ತಟ್ಟೆಗಿಡುತ್ತಾರೆ.

ಮೇಜಿಗೂ ಗೋಡೆಗೂ ನಡುವಿನ ಸಂದಿಯಲ್ಲಿ, ಮೇಜಿನ ಇದ್ದಿಲಿನ ಅಡಿಯಲ್ಲಿ, ಅಲ್ಯೂಮಿನಿಯಂ ರೆಕ್ಕೆಯ ಒಂದು ತುಣುಕು ಸಿಗುತ್ತದೆ. ಅದರ ಪಕ್ಕದಲ್ಲೇ ಸುಟ್ಟ ತಂತಿಯ ಸುರುಳಿ. ಗೋಡೆಯ ಎತ್ತರದಲ್ಲಿ, ಹಗಲಿರುಳು ತಿರುಗುತ್ತಿದ್ದ ಎಕ್ಸಾಸ್ಟ್ ಫ್ಯಾನಿನ ಅವಶೇಷ ಅವು. ತನಿಖಾಧಿಕಾರಿ ಬಗ್ಗುತ್ತಾರೆ.

"ಮೇಜು ಫ್ಯಾನಿನ ಮೇಲೆ ಬಿದ್ದಿದೆ, ಸಾರ್."

"ಹೂಂ."

"ಹಾಗಾದ್ರೆ ಫ್ಯಾನೇ ಮೊದಲು ಬಿದ್ದಿದೆ."

"ಹೂಂ. ಫೋಟೋ ಆಗೋವರೆಗೂ ಮುಟ್ಟಬೇಡಿ."

ವರ್ಷಗಟ್ಟಲೆ ಹಾರಿದ ಬಟ್ಟೆಯ ಧೂಳು ಫ್ಯಾನಿನಲ್ಲಿ ಹಾಸಿಗೆಯಂತೆ ಕೂತು, ಮೋಟಾರು ತಿರುಗಲಾಗದೆ ಬಿಗಿದುಕೊಂಡು ಕಾದು, ಧೂಳು ಹೊತ್ತಿಕೊಂಡಿದೆ. ಉರಿಯುವ ಧೂಳು ಕೆಳಗಿನ ರಾಶಿಯ ಮೇಲೆ ಬಿದ್ದಿದೆ. ಪ್ರಯೋಗಾಲಯವೂ ತಂತಿ ಪರೀಕ್ಷಿಸಿ ಇದನ್ನೇ ಹೇಳುತ್ತದೆ. ಫ್ಯಾನನ್ನು ಶುಚಿ ಮಾಡಿಸಬೇಕಾದವರು ಯಾರು? ಬೂದಿಯಕ್ಕ ತಲೆಯಾಡಿಸುತ್ತಾರೆ. "ಅದು ಮೂರನೇ ಪ್ರಶ್ನೆ. ಅದನ್ನ ಕೇಳೋಕೆ ಬೇರೆಯವರಿದಾರೆ."

ವರದಿಗೆ ಸಹಿ ಬಿದ್ದ ದಿನ ಅವರು ಅಧಿಕಾರಿಯಲ್ಲಿ ಒಂದು ಕೋರಿಕೆ ಇಡುತ್ತಾರೆ. ಆ ಸಾಲನ್ನು ಗೇಟಿನ ಹತ್ತಿರ ತಾವೇ ಓದಬೇಕು. ಅಧಿಕಾರಿ ಅದನ್ನು ಕನ್ನಡ ಅಕ್ಷರದಲ್ಲಿ ಒಂದು ಚೀಟಿಯ ಮೇಲೆ ಬರೆದುಕೊಡುತ್ತಾರೆ.

ಇಸ್ತ್ರಿಯ ಹೆಂಗಸು ಇವರನ್ನು ಕಂಡು ಬಕೆಟ್ಟಿನಿಂದ ಏಳುತ್ತಾರೆ. ಬೂದಿಯಕ್ಕ ಗಂಟಲು ಸರಿಮಾಡಿಕೊಂಡು ಓದುತ್ತಾರೆ: "ದ ಫೈರ್ ಒರಿಜಿನೇಟೆಡ್ ಅಟ್ ದಿ ಎಕ್ಸಾಸ್ಟ್ ಫ್ಯಾನ್ ಆನ್ ದ ರಿಯರ್ ವಾಲ್." ಆಮೇಲೆ, "ಬೆಂಕಿ ಹುಟ್ಟಿದ್ದು ಹಿಂದಿನ ಗೋಡೆಯ ಫ್ಯಾನಲ್ಲಿ."

"ನನ್ನ ಮೇಜು?"

"ಅದು ಆಮೇಲೆ ಸುಟ್ಟಿದ್ದು. ಪ್ಲಗ್ ಕಿತ್ತಿದ್ರಿ ನೀವು. ಆವತ್ತೂ ಕಿತ್ತಿದ್ರಿ."

ಆ ಹೆಂಗಸು ಬಲಗೈಯನ್ನು ಎತ್ತಿ, ಬೇರೆ ಯಾರದೋ ಕೈ ಎಂಬಂತೆ ನೋಡಿಕೊಳ್ಳುತ್ತಾರೆ. "ಇನ್ನೊಂದು ಸಲ ಓದಿ. ಇಂಗ್ಲಿಷಲ್ಲೇ ಓದಿ" ಎನ್ನುತ್ತಾರೆ.

ಬೂದಿಯಕ್ಕನ ಮನೆ ಎರಡು ಕೋಣೆಯದು. ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಸೊಸೆಗಾಗಿ ಕಾಯುತ್ತಾರೆ. ಮಗ ಹೋದ ಮೇಲೆ ಅತ್ತೆ ಸೊಸೆ ಒಟ್ಟಿಗೇ ಇದ್ದಾರೆ. ಬಹಳ ವರ್ಷ ಮಾತಿಲ್ಲದೆ, ಈಗ ಮಾತಿನೊಂದಿಗೆ. ಹಳೆಯ ಸಂಗತಿಯನ್ನು ಅತ್ತೆಯೇ ಎತ್ತುತ್ತಾರೆ. "ಗುಡಿಸಿದ್ದು ನಾನೇ. ಮಗ ಹೋದ ಮನೇನ ಹಾಗೇ ಬಿಡೋಕಾಗುತ್ತಾ? ಗುಡಿಸಿ, ತೊಳೆದು, ಆಮೇಲೆ ಒಲೆ ಆರಿಸದ ತಪ್ಪು ನಿಂದು ಅಂತ ಇವಳಿಗೆ ಅಂದೆ. ಕೆಲಸ ಕಲಿತು ಬಂದ್ಲು. ನಾನು ಮಾಡಿದ್ದು ಏನು ಅಂತ ಇವಳಿಗೆ ಗೊತ್ತಾಯ್ತು. ಒಂದು ಮಾತು ಆಡಲಿಲ್ಲ. ನಾನಾಗೇ ಕೇಳಿ ತಿಳ್ಕೋಬೇಕಾಯ್ತು."

ಸೊಸೆ ಚಪ್ಪಲಿ ಬಿಡುತ್ತಿರುವಾಗಲೇ ಅತ್ತೆ ದಿನದ ಪ್ರಶ್ನೆ ಕೇಳುತ್ತಾರೆ. "ಎಲ್ಲಿಂದ ಅಂತೆ?"

"ಫ್ಯಾನಿಂದ."

"ಆ ಹೆಂಗಸಿಗೆ ಹೇಳಿದ್ಯಾ?"

"ಹೇಳ್ದೆ. ಮೂರು ಸಲ ಓದಿಸಿದ್ರು."

ಸಂದರ್ಶನದ ಕೊನೆಗೆ, ಮುಂದೆ ಏನಾದರೂ ಆಸೆ ಇದೆಯೇ ಎಂದು ಕೇಳಿದಾಗ ಬೂದಿಯಕ್ಕ ಮಂಡಿ ನೀವಿಕೊಳ್ಳುತ್ತಾ ಯೋಚಿಸುತ್ತಾರೆ. "ಸಾರ್ ಟೈಪ್ ಮಾಡೋ ಆ ಒಂದು ಸಾಲು ಇದೆಯಲ್ಲ, ಒಂದು ಸಲ ಅದನ್ನ ನನ್ನ ಕೈಯಾರೆ ಟೈಪ್ ಮಾಡಬೇಕು. ಯಾರದಾದ್ರೂ ಸರಿ, ಯಾವ ಮನೇದಾದ್ರೂ ಸರಿ."

"ಮೊದಲು ಆ ಕೈ ತೊಳ್ಕೊಂಡು ಬಾ" ಎನ್ನುತ್ತಾರೆ ಅತ್ತೆ.

ಸೊಸೆ ಎರಡೂ ಕೈ ಚಾಚಿ ತೋರಿಸುತ್ತಾರೆ. ಉಗುರ ಸಂದಿಯ ಕಪ್ಪು ಹಾಗೇ ಇದೆ. "ತೊಳ್ಕೊಂಡೇ ಬಂದಿದೀನಿ, ಅತ್ತೆ."