ಕೂರಿಗೆ ಕೊಳವೆಯ ಪಂದ್ಯ

ಎಪ್ಪತ್ತರ ದಶಕದ ನಡುವೆ ಹಿರಿಯೂರಿನ ಒಂದು ವರ್ಕ್‌ಶಾಪಿಗೆ, ಲೇತ್ ಯಂತ್ರದಲ್ಲಿ ಕಬ್ಬಿಣ ಕಡೆಯುವ ಟರ್ನರ್ ಆಗಿ ಸೇರಿದ ನಾನು, ಚಿತ್ರದುರ್ಗದಲ್ಲಿ ಕಲಿತು ತಂದ ಸರ್ಟಿಫಿಕೇಟಿಗೆ ಗಾಜು ಹಾಕಿಸಿ ಲೇತ್ ಮೇಲಿನ ಗೋಡೆಗೆ ತೂಗುಹಾಕಿದ್ದೆ. ಅದಕ್ಕಾಗಿ ದೇವರ ಪಟ ಪಕ್ಕಕ್ಕೆ ಸರಿಯಬೇಕಾಯಿತು. ಅಷ್ಟು ಕೊಬ್ಬಿತ್ತು ನನಗೆ.

ಜವನಗೊಂಡನಹಳ್ಳಿಯಿಂದ ಒಬ್ಬ ಅಜ್ಜಿ ಬಂದು, ಜೋಳ ಬಿತ್ತುವ ಕೂರಿಗೆಗೆ ನಾಲ್ಕು ಕಬ್ಬಿಣದ ಕೊಳವೆ ಕೇಳಿದಳು. ಬಿದಿರಿನವು ಸೀಳಿ ಸೀಳಿ ಸಾಕಾಗಿತ್ತಂತೆ. ಮೇಲೆ ಅಗಲ, ಬೀಜ ಇಳಿಯುವ ತುದಿ ಕಿರಿದು, ಇಷ್ಟೇ ಕೆಲಸ. ನಮ್ಮ ಮಾಲೀಕರಿಗೆ ಇಬ್ಬರು ಕೆಲಸಗಾರರು ಜಾಸ್ತಿ ಅನ್ನಿಸಲು ಶುರುವಾಗಿದ್ದ ಕಾಲ. ಎರಡು ಕೊಳವೆ ನನಗೆ, ಎರಡು ಅಲ್ಲಿನ ಹಳೆಯ ಕಮ್ಮಾರನಿಗೆ ಕೊಟ್ಟು, ಯಾರದು ಚೆನ್ನಾಗಿರುತ್ತದೋ ಅವರು ಉಳಿಯಲಿ ಎಂದರು.

ಕಮ್ಮಾರ ತುದಿಯನ್ನು ಇದ್ದಿಲ ಬೆಂಕಿಯಲ್ಲಿ ಕೆಂಪಗೆ ಕಾಯಿಸಿದ. ಒಳಗೊಂದು ಸರಳು ತೂರಿಸಿ, ಕಬ್ಬಿಣದ ದಿಮ್ಮಿಯ ಮೇಲೆ ಎಡಗೈಯಲ್ಲಿ ಉರುಳಿಸುತ್ತ ಬಲಗೈಯಲ್ಲಿ ಬಡಿದ. ನೋಡಿ ನನಗೆ ನಗು ಬಂತು. ನಾನು ಕೊಳವೆಯನ್ನು ಲೇತ್‌ಗೆ ಕಚ್ಚಿಸಿ, ಗಿರ್ರನೆ ತಿರುಗಿಸಿ, ಗ್ಯಾಸಿನ ಬೆಂಕಿ ಹಿಡಿದು ಮೊಂಡು ಉಳಿಯಿಂದ ಒತ್ತಿದೆ. ಕಾದ ಕಬ್ಬಿಣ ಬೆಣ್ಣೆಯ ಹಾಗೆ ಬಾಗಿತು. ಆತನ ಕೊಳವೆಯ ಮೈತುಂಬ ಸುತ್ತಿಗೆಯ ಗುರುತು. ಉಜ್ಜಿ ಹೊಳಪು ಕೊಟ್ಟ ನನ್ನದರಲ್ಲಿ ಮುಖ ನೋಡಿ ಮೀಸೆ ತಿದ್ದಿಕೊಳ್ಳಬಹುದಿತ್ತು, ತಿದ್ದಿಕೊಂಡೆ ಕೂಡ. ಮಾಲೀಕರು ಹೊರಗಿನ ಅಳತೆ ಹಿಡಿದು ತಲೆದೂಗಿದರು. ಒಳಗೆ ಯಾರೂ ಇಣುಕಲಿಲ್ಲ. ಸೋಮವಾರದಿಂದ ಕಮ್ಮಾರ ಬರಬೇಕಾಗಿಲ್ಲ ಎಂದಾಯಿತು. ಆತ ತನ್ನ ಸುತ್ತಿಗೆ ಎತ್ತಿಕೊಂಡು ಹೊರಟುಹೋದ, ನಾನು ಟೀ ತರಿಸಿದೆ.

ಬಿತ್ತಿ ಹತ್ತು ದಿನಕ್ಕೆ ಅಜ್ಜಿ ನನ್ನನ್ನು ಹೊಲಕ್ಕೆ ಕರೆಸಿದಳು. ಎರಡು ಸಾಲಿನ ಪೈರು ಒಂದೇ ಸಮ ಎದ್ದಿತ್ತು. ಪಕ್ಕದ ಎರಡು ಸಾಲಿನಲ್ಲಿ ಇಲ್ಲೊಂದು ಗುಂಪು, ಆಮೇಲೆ ಮಾರುದ್ದ ಬೋಳು, ಮತ್ತೆ ಗುಂಪು. ಹೊಲದುದ್ದಕ್ಕೂ ಹೀಗೇ. ಹೊಲದ ಪಕ್ಕದ ಹೆದ್ದಾರಿಯ ಬಸ್ಸುಗಳಲ್ಲಿ ಹೋಗುವವರೆಲ್ಲ ನನ್ನ ಕೈಬರಹ ಓದಿಕೊಂಡು ಹೋಗುತ್ತಿದ್ದರು. ಆದರೂ ಅಳತೆ ಸರಿಯಾಗಿದೆ ಎಂದು ವಾದಿಸಿದೆ. ಅಜ್ಜಿ ನನ್ನ ಕೊಳವೆ ಬಿಚ್ಚಿ ಒಂದು ಹಿಡಿ ಜೋಳ ಸುರಿದಳು. ನಾಲ್ಕು ಕಾಳು ಉದುರಿ ನಿಂತುಹೋಯಿತು, ಕುಲುಕಿದರೆ ಗುಂಪಾಗಿ ಬಿತ್ತು. ಸರಳಿಲ್ಲದೆ ಒತ್ತಿದ್ದರಿಂದ ಕಬ್ಬಿಣ ಒಳಗೊಳಗೇ ದಪ್ಪವಾಗಿ ದಾರಿ ಕಟ್ಟಿತ್ತು.

“ಹೊರಗೆ ಭಾಳ ಚಂದ ಐತೆ ಕಣಪ್ಪ,” ಎಂದಳು. “ಕಾಳು ಇಳಿಯೋದು ಒಳಗೆ.”

ನಾಚಿಕೆಯಿಂದ ಸತ್ತೆ. ವಾಪಸು ಬಂದು ಸರಳಿನ ವಿಷಯ ತಿಳಿಸಿ, ಕಮ್ಮಾರನನ್ನು ಮತ್ತೆ ಕರೆಸೋಣ ಎಂದು ಮಾಲೀಕರಿಗೆ ಹೇಳಿದೆ.

“ಆತ ಯಾಕೆ?” ಎಂದರು. “ಆ ಸರಳು ನೀನೂ ಒಳಗಿಟ್ಕಂಡ್ರೆ ಆಯ್ತಲ್ಲ.”

ಕಮ್ಮಾರ ಬಿಟ್ಟುಹೋಗಿದ್ದ ಸರಳನ್ನೇ ಎತ್ತಿಕೊಂಡೆ. ಅಂದಿನಿಂದ ನನ್ನ ಕೊಳವೆಗಳಲ್ಲಿ ಕಾಳು ಸರಾಗವಾಗಿ ಇಳಿಯಿತು. ಹೊಸದುರ್ಗ, ಹೊಳಲ್ಕೆರೆ ಕಡೆಯಿಂದಲೂ ಜನ ಹುಡುಕಿಕೊಂಡು ಬಂದರು. ಈ ವಿದ್ಯೆ ಎಲ್ಲಿ ಕಲಿತಿರಿ ಎಂದು ಕೇಳಿದವರಿಗೆಲ್ಲ, ಚಿತ್ರದುರ್ಗದಲ್ಲಿ ಎನ್ನುತ್ತಿದ್ದೆ.