ಪಿಸ್ತೂಲಿನ ಮ್ಯಾಗಜಿನ್ ಗುರುತಿಸಿದ ದಿನ

“ರೈಟರೇ, ಇದು ಅಪ್ಪಯ್ಯನ ಪಿಸ್ತೂಲಿಂದೇನಾ ನೋಡಿ. ನಂಬರೂ ಇಲ್ಲ, ಹೆಸರೂ ಇಲ್ಲ” ಎನ್ನುತ್ತಾ ಬಾಳೂರು ಕಡೆಯ ನಮ್ಮ ಎಸ್ಟೇಟಿನ ಈಗಿನ ಸಾಹುಕಾರರು ಗುಂಡು ತುಂಬುವ ಮ್ಯಾಗಜಿನ್ನೊಂದನ್ನು ನನ್ನ ಕೈಗಿಟ್ಟರು. ಚುನಾವಣೆಗೆ ಮುಂಚೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಬೇಕಿತ್ತು. ಹಳೆಯ ಪೆಟ್ಟಿಗೆಯಲ್ಲಿ ಸಿಕ್ಕಿದ ಇದೂ ಅದರದ್ದೇ ಎಂದು ಖಚಿತವಾಗಬೇಕಿತ್ತು. ಪಕ್ಕದಲ್ಲಿ ಹಳೆಯ ಜೀಪ್ ಡ್ರೈವರ್ ಶೇಷಪ್ಪ ಕುಳಿತಿದ್ದ.

ತಿರುಗಿಸಿ ನೋಡಿದೆ. ಅಡಿಯ ಮೂಲೆಯಲ್ಲಿ ಆ ತಗ್ಗು ಹಾಗೆಯೇ ಇತ್ತು. ನಲವತ್ತು ವರ್ಷಗಳ ಹಿಂದೆ, ಆಯುಧಪೂಜೆಗೆಂದು ಪಿಸ್ತೂಲು ಒರೆಸುವಾಗ, ಆಗ ತೋಟದ ಲೆಕ್ಕ ಬರೆಯುವ ರೈಟರಾಗಿದ್ದ ನಾನು ಇದನ್ನು ಕಾಫಿ ಕಣದ ಸಿಮೆಂಟಿನ ಮೇಲೆ ಬೀಳಿಸಿದ್ದೆ. ಶೇಷಪ್ಪ ಬೀಳಿಸಿದ ಎಂದು ಇವರ ತಂದೆ ದೊಡ್ಡ ಸಾಹುಕಾರರಿಗೆ ಹೇಳಿದ್ದೂ ನಾನೇ. ಅವರು ಅವನನ್ನು ಡ್ರೈವರ್ ಕೆಲಸದಿಂದ ತೆಗೆದು ಒಂದು ವರ್ಷ ಗೊಬ್ಬರ ಹೊರಿಸಿದರು. ಅವನು ಯಾಕೋ ಎದುರಾಡಲಿಲ್ಲ.

ಗೊತ್ತಿಲ್ಲ ಎಂದುಬಿಡಬಹುದಿತ್ತು. “ಅದರದ್ದೇ. ಈ ತಗ್ಗು ಮಾಡಿದ್ದು ನಾನು, ಶೇಷಪ್ಪ ಅಲ್ಲ” ಎಂದೆ. ಸಾಹುಕಾರರು ಅದನ್ನು ಪಿಸ್ತೂಲಿಗೆ ಹಾಕಿದರು. ಸರಿಯಾಗಿ ಕೂತಿತು.

ಶೇಷಪ್ಪ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದ: “ನಂಗೆ ಅವತ್ತೇ ಗೊತ್ತಿತ್ತು ಮಾರಾಯ. ನಿಂಗೆ ಮದುವೆ ಗೊತ್ತಾಗಿತ್ತಲ್ಲ. ಕೆಲಸ ಹೋಗಿದ್ರೆ ಗೋಣಿಬೀಡಿನೋರು ಹೆಣ್ಣು ಕೊಡ್ತಿದ್ರಾ?”

ಮನೆಗೆ ಬಂದು ಎಲ್ಲವನ್ನೂ ಗೋಣಿಬೀಡಿನ ಆ ಹೆಣ್ಣಿಗೇ ಹೇಳಿದೆ. ಭಾನುವಾರ ಅವಳು ಶೇಷಪ್ಪನನ್ನು ಊಟಕ್ಕೆ ಕರೆಸಿ, ಕಡುಬನ್ನು ಮೊದಲು ಅವನ ಎಲೆಗೆ ಬಡಿಸಿದಳು. ನಾನು ನನ್ನ ಸರದಿಗೆ ಕಾದೆ. ಅಷ್ಟು ನೆಮ್ಮದಿಯಿಂದ ಹಿಂದೆಂದೂ ಊಟಕ್ಕೆ ಕಾದದ್ದು ನನಗೆ ನೆನಪಿಲ್ಲ.