ಟೆಸ್ಟ್‌ನಲ್ಲಿ ಉಳಿದ ಮನೆ

ಬಾಗಿಲಕ್ಕ ಫೋನಿನಲ್ಲಿ ಮಾತಾಡಿದರೆ ಗೋಡೆ ತಾನಾಗಿಯೇ ತೂತು ಬಿಟ್ಟುಕೊಂಡು ಸ್ಕ್ರೂವನ್ನು ಬನ್ನಿ ಎಂದು ಕರೆಯುತ್ತದೆ ಎಂಬ ಮಾತು ಅವಳ ಆಫೀಸಿನಲ್ಲಿತ್ತು. ಇದು ಸ್ವಲ್ಪ ಅತಿಯಾಯಿತು ಎನ್ನುವವರು ಅವಳ ಮಾತು ಕೇಳಿದವರಲ್ಲ. ಸ್ಕ್ರೂಡ್ರೈವರನ್ನು ಯಾವ ಕಡೆಯಿಂದ ಹಿಡಿಯಬೇಕೆಂದು ಗೊತ್ತಿಲ್ಲದ ಮಹಾಶಯರೂ ಅವಳು ಹೇಳಿದಂತೆ ಮಾಡಿ ಅರ್ಧ ಗಂಟೆಯಲ್ಲಿ ಮನೆಯ ಎಲ್ಲ ಬಾಗಿಲು ಕಿಟಕಿಗಳಿಗೆ ಅಲಾರಂ ಕೂರಿಸಿ, ಆಮೇಲೆ ಹೆಂಡತಿಯ ಮುಂದೆ ಎಂಜಿನಿಯರಂತೆ ಓಡಾಡಿದ್ದುಂಟು.

ಕಂಪನಿಯದು ಮನೆಗಳಿಗೆ ನಿಗಾ ಇಡುವ ವ್ಯವಹಾರ. ಬೇಕೆಂದವರಿಗೆ ಅಂಚೆಯಲ್ಲಿ ಒಂದು ಪೆಟ್ಟಿಗೆ ಹೋಗುತ್ತದೆ. ಅದರಲ್ಲಿ ಬಾಗಿಲಿಗೆ ಅಂಟಿಸುವ ಬಿಲ್ಲೆಗಳು, ಚಾವಣಿಗೆ ಕೂರಿಸುವ ಹೊಗೆಡಬ್ಬಿ, ಕಿರುಚುವ ಸೈರನ್, ಇವೆಲ್ಲದರ ಸುದ್ದಿಯನ್ನು ಆಫೀಸಿಗೆ ಮುಟ್ಟಿಸುವ ಒಂದು ತಾಯಿಡಬ್ಬಿ. ಕೂರಿಸಲು ಯಾರೂ ಬರುವುದಿಲ್ಲ. ಫೋನ್ ಮಾಡಿದರೆ ಎರಡನೇ ಮಹಡಿಯ ಮೂಲೆ ಮೇಜಿನಿಂದ ಬಾಗಿಲಕ್ಕ ಹೇಳಿಕೊಡುತ್ತಾಳೆ. ಪ್ರತಿ ಬಾಗಿಲಿಗೆ ಬಿಲ್ಲೆ ಅಂಟಿಸಿದ ಮೇಲೆ, "ಈಗ ಬಾಗಿಲು ಹಾಕಿ. ಜೋರಾಗಿ. ನನಗೆ ಕೇಳಬೇಕು" ಎನ್ನುವುದು ಅವಳ ಪದ್ಧತಿ. ಹೆಸರು ಬಂದದ್ದೂ ಅದರಿಂದಲೇ. ಒಮ್ಮೆ ಬಡಿದ ಸದ್ದಿನಿಂದಲೇ, "ಸಾರ್, ಇದರ ಮೇಲಿನ ತಿರುಗಣಿ ಸಡಿಲ. ಒಳಗೆ ಯಾರೋ ಮುನಿಸಿಕೊಂಡು ಕೂತಿದ್ದಾರೆ, ಮೊದಲು ಅವರನ್ನ ಮಾತಾಡಿಸಿ" ಅಂದಳಂತೆ. ನೋಡಿದರೆ ಒಳಗೆ ಆತನ ಮಾವ ಕೂತಿದ್ದರಂತೆ.

"ಊರಿನವರ ಬಾಗಿಲೆಲ್ಲ ಬಡಿಸಿ ಬರ್ತಾಳೆ, ನಮ್ಮನೆ ಬಾಗಿಲು ಹಾಕೋಕೆ ಮರೀತಾಳೆ ಮಹಾರಾಯ್ತಿ" ಎಂದು ಬಾಗಿಲಕ್ಕನ ಅತ್ತೆ ದಿನಕ್ಕೊಮ್ಮೆ ಹೇಳದಿದ್ದರೆ ಅತ್ತೆಗೆ ಊಟ ಸೇರುತ್ತಿರಲಿಲ್ಲ.

ಕೂರಿಸುವಾಗ ಮನೆಯನ್ನು 'ಟೆಸ್ಟ್‌ನಲ್ಲಿ' ಹಾಕಬೇಕು. ಇಲ್ಲದಿದ್ದರೆ ಒಂದೊಂದು ಬಾಗಿಲು ಬಡಿದಾಗಲೂ ಪಕ್ಕದ ನಿಗಾ ಕೋಣೆಯಲ್ಲಿ ಗಂಟೆ ಹೊಡೆದು, ಅಲ್ಲಿನವರು ಪೊಲೀಸರನ್ನೋ ಬೆಂಕಿಯವರನ್ನೋ ಓಡಿಸಿಬಿಡುತ್ತಾರೆ. ಟೆಸ್ಟ್‌ನಲ್ಲಿರುವ ಮನೆಯ ಸುದ್ದಿ ಪರದೆಯ ಮೇಲೆ ಬೂದು ಅಕ್ಷರದಲ್ಲಿ ಸುಮ್ಮನೆ ಬಂದು ಹೋಗುತ್ತದೆ. ಗಂಟೆ ಇಲ್ಲ, ಓಟ ಇಲ್ಲ, ಮನೆಯೊಳಗಿನ ಸೈರನ್ನೂ ಕಿರುಚುವುದಿಲ್ಲ. ಮೊದಲೆಲ್ಲ ಎರಡು ಗಂಟೆಯಾದರೆ ಟೆಸ್ಟ್ ತಾನಾಗಿಯೇ ಮುಗಿಯುತ್ತಿತ್ತು. ಒಬ್ಬ ವಯಸ್ಸಾದ ಹೆಂಗಸು ಏಣಿ ಹತ್ತುವುದಕ್ಕೇ ಒಂದೂವರೆ ಗಂಟೆ ತೆಗೆದುಕೊಂಡು, ಇಳಿಯುವಷ್ಟರಲ್ಲಿ ಮನೆ ಮುಂದೆ ಅಗ್ನಿಶಾಮಕದ ವಾಹನ ನಿಂತಿತ್ತು. ಅಂದಿನಿಂದ ಬಾಗಿಲಕ್ಕ ಮೇಲ್ವಿಚಾರಕನ ಬೆನ್ನು ಬಿದ್ದಳು. "ಜನ ನಿಧಾನ ಸಾರ್, ಮಷೀನಿನ ಅವಸರ ಅವರಿಗೆ ಯಾಕೆ?" ಆರು ತಿಂಗಳು ಕಾಡಿ ಆ ಗಡುವನ್ನು ತೆಗೆಸಿದಳು. ಈಗ ಟೆಸ್ಟ್ ಮುಗಿಸುವುದು ಅವಳ ಕೈಯಲ್ಲೇ. ಅವಳಿಗೆ ಅದೊಂದು ಹೆಮ್ಮೆ.

ಬುಧವಾರ ಮಧ್ಯಾಹ್ನ ಒಂದು ಗಡಸು ಹೆಣ್ಣುದನಿ.

"ಮೇಡಂ, ಪೆಟ್ಟಿಗೆ ಬಂದಿದೆ. ನನ್ನ ಹತ್ರ ನಲವತ್ತು ನಿಮಿಷ ಇದೆ. ಮೂರೂ ಇಪ್ಪತ್ತಕ್ಕೆ ಬಸ್."

"ಎಲ್ಲಿಗೆ ಹೋಗ್ಬೇಕಮ್ಮಾ?"

"ಹೋಗೋದಲ್ಲ, ಕರ್ಕೊಂಡು ಹೋಗೋದು. ನಾನು ಕಂಡಕ್ಟರ್. ನಾನು ಸೀಟಿ ಊದದಿದ್ರೆ ಭೂಕಂಪ ಆದ್ರೂ ಆ ಬಸ್ ಕದಲಲ್ಲ."

ಮನೆಯಲ್ಲಿ ಅವಳೂ ಅವಳ ಅಣ್ಣನೂ ಇಬ್ಬರೇ. ಅಣ್ಣ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮುಂದಿನ ಕೋಣೆಯೇ ಅವನ ಕಾರ್ಖಾನೆ. "ಹುಟ್ಟಿದಾಗಿಂದ ಕಿವಿ ಕೇಳಲ್ಲ ಮೇಡಂ. ಒಲೆ ಮೇಲೆ ಇಡೀ ದಿನ ಅಂಟು ಕುದೀತಿರುತ್ತೆ, ಸುತ್ತ ಮಂಡಿವರೆಗೂ ಕಾಗದದ ಚೂರು. ಬೆನ್ನ ಹಿಂದೆ ಬೆಂಕಿ ಹತ್ತಿದ್ರೂ ಗೊತ್ತಾಗಲ್ಲ. ನಾನು ಬಸ್ಸಲ್ಲಿ ಟಿಕೆಟ್ ಹರೀತಿದ್ರೂ ಜೀವ ಇಲ್ಲೇ ಇರುತ್ತೆ."

"ಅದಕ್ಕೇ ನಿಮ್ಮ ಪೆಟ್ಟಿಗೇಲಿ ಕೆಂಪು ದೀಪ ಬೇರೆ ಕಳ್ಸಿದ್ದೀವಿ. ಹೊಗೆ ಬಂದ್ರೆ ಅದು ಉರಿಯುತ್ತೆ, ಇಲ್ಲಿ ನಮಗೂ ಗೊತ್ತಾಗುತ್ತೆ. ಬನ್ನಿ, ಶುರು ಮಾಡೋಣ."

ಬಾಗಿಲಕ್ಕ ಫೋನಿನಲ್ಲಿ ಹೇಳಿದ್ದನ್ನು ಕಂಡಕ್ಟರ್ ಕೈಸನ್ನೆಯಲ್ಲಿ ಅಣ್ಣನಿಗೆ ಹೇಳಿದಳು, ಅಣ್ಣ ಸ್ಟೂಲ್ ಹತ್ತಿ ತಿರುಗಿಸಿದ. ಇಷ್ಟು ಸುತ್ತಿ ಬಂದ ಮೇಲೂ ನೆಟ್ಟಗೆ ಕೂತ ಸ್ಕ್ರೂ ಇಡೀ ಭೂಮಿಯ ಮೇಲೆ ಅದೊಂದೇ ಇರಬೇಕು. ದೀಪ ಉರಿಯಿತು. ಅಣ್ಣ ಚಪ್ಪಾಳೆ ತಟ್ಟಿದ್ದು ಫೋನಿನಲ್ಲೂ ಕೇಳಿಸಿತು. ಆಮೇಲೆ ಬಾಗಿಲಕ್ಕ ಎಲ್ಲ ಗಿರಾಕಿಗಳಿಗೂ ಬರೆಸುವ ಚೀಟಿಯನ್ನು ಬರೆಸಿದಳು: 'ದೀಪ ಉರಿದರೆ ಒಲೆ ಆರಿಸು. ಬಾಗಿಲ ಹತ್ತಿರ ಕೂತುಕೋ. ಹತ್ತು ನಿಮಿಷದಲ್ಲಿ ಜನ ಬರುತ್ತಾರೆ.'

"ಬಾಗಿಲಿಗೆ ಅಂಟಿಸಿದೆ ಮೇಡಂ. ಇನ್ನೇನು?"

"ಹೊಗೆ ಬಂದ್ರೆ ನಾವು ಯಾರ್ಯಾರಿಗೆ ಫೋನ್ ಮಾಡಬೇಕೋ ಆ ನಂಬರುಗಳು. ಅದು ಹಾಕಿದ್ರೆ ಟೆಸ್ಟ್ ತೆಗೆದುಬಿಡ್ತೀನಿ."

"ಅಯ್ಯೋ, ಮೂರೂ ಹತ್ತು ಆಯ್ತು! ಡ್ರೈವರ್ ಬಾಯಿ ಮಾಡ್ತಾನೆ. ಕೊನೇ ಸ್ಟಾಪಿಂದ ಫೋನ್ ಮಾಡ್ತೀನಿ." ಫೋನ್ ಕಟ್ಟಾಯಿತು.

ಮುಗಿಯದ ಮನೆಗಳನ್ನು ಬಾಗಿಲಕ್ಕ ಚೀಟಿಯಲ್ಲಿ ಬರೆದು ಕಂಪ್ಯೂಟರಿಗೆ ಅಂಟಿಸುತ್ತಿದ್ದಳು. ಅವತ್ತು ಬರೆಯಲಿಲ್ಲ. ಇಷ್ಟು ಚಂದದ ಮನೆ, ಚಪ್ಪಾಳೆ ಬೇರೆ, ಇದನ್ನು ಮರೆಯುವುದುಂಟೇ ಅಂದುಕೊಂಡಳು. ಕಂಡಕ್ಟರ್ ಕೊನೇ ಸ್ಟಾಪ್ ತಲುಪಿದಾಗ ಐದೂವರೆ. ಆ ಹೊತ್ತಿಗೆ ಬಾಗಿಲಕ್ಕ ಮನೆಗೆ ಹೊರಟಿದ್ದಳು. ಕಂಡಕ್ಟರ್ ಮಾಡಿದ ಫೋನಿನಲ್ಲಿ ಬರೀ ಕಾಯಿಸುವ ವಾದ್ಯಸಂಗೀತ ಕೇಳಿಸಿತು. ದೀಪ ಹೇಗೂ ಉರಿಯಿತಲ್ಲ ಎಂದು ಕಂಡಕ್ಟರೂ ಸಮಾಧಾನ ಮಾಡಿಕೊಂಡಳು. ಗುರುವಾರ, ಶುಕ್ರವಾರ ಬಾಗಿಲಕ್ಕನ ಮೇಜಿಗೆ ಜಗತ್ತಿನ ಅರ್ಧ ಜನ ಫೋನ್ ಮಾಡಿದರು. ಉಳಿದರ್ಧ ಸಾಲಿನಲ್ಲಿ ಕಾಯುತ್ತಿದ್ದರು.

ಶನಿವಾರ ಒಂದೂ ಹತ್ತಕ್ಕೆ ಊಟದ ಡಬ್ಬಿ ಬಿಚ್ಚಿ, ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಪರದೆಯನ್ನು ಸುಮ್ಮನೆ ಮೇಲಕ್ಕೆ ಸರಿಸುತ್ತಿದ್ದಳು. ಒಂದು ಬೂದು ಸಾಲು ಕಂಡಿತು. ಕಂಡಕ್ಟರ ಮನೆ. ಹೊಗೆ. ಬೆಳಿಗ್ಗೆ ಹತ್ತು ನಲವತ್ತು. ಅದರ ಕೆಳಗೆ ಮತ್ತೊಂದು: ಹೊಗೆ, ಹತ್ತು ನಲವತ್ಮೂರು.

ಬಾಯಲ್ಲಿದ್ದ ತುತ್ತು ಬಾಯಲ್ಲೇ ಉಳಿಯಿತು.

ಕಂಡಕ್ಟರಿಗೆ ಫೋನ್ ಮಾಡಿದಳು. ಡ್ಯೂಟಿಯಲ್ಲಿ ಫೋನು ಚೀಲದಲ್ಲಿರಬೇಕೆಂಬುದು ಅವರ ನಿಯಮ. ಎತ್ತಲಿಲ್ಲ. ನೆರೆಯವರ ನಂಬರು ಬರೆದುಕೊಂಡೇ ಇರಲಿಲ್ಲ. ಮನೆಯಲ್ಲಿರುವವನಿಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಬಸ್ ಡಿಪೋಗೆ ಹೇಳಿದಳು, ಅಗ್ನಿಶಾಮಕದವರಿಗೆ ಹೇಳಿದಳು.

"ಬೆಂಕಿ ಈಗ ಇದೆಯಾ ಮೇಡಂ?"

"ಎರಡೂವರೆ ಗಂಟೆ ಹಿಂದೆ ಇತ್ತು."

ಆ ಕಡೆಯವನು ವಿಳಾಸ ಬರೆದುಕೊಂಡು, "ಕಳಿಸ್ತೀವಿ" ಅಂದ.

ಮೇಲ್ವಿಚಾರಕ ಬಂದು ಪರದೆ ನೋಡಿದ, ಅವಳ ಮುಖ ನೋಡಿದ, ದನಿ ತಗ್ಗಿಸಿದ. "ಟೆಸ್ಟ್‌ನಿಂದ ಈಗ ತೆಗೀರಿ. ಗಿರಾಕಿ ನಂಬರ್ ಕೊಡದೆ ಫೋನ್ ಇಟ್ಟರು ಅಂತ ಬರೀರಿ. ಅದು ಸುಳ್ಳೂ ಅಲ್ಲ. ಹತ್ತು ವರ್ಷದ ಸರ್ವಿಸ್ ನಿಮ್ದು, ಸುಮ್ನೆ ಯಾಕೆ ತಲೆ ಕೊಡ್ತೀರಿ?"

"ಅವರು ಇಟ್ಟಿದ್ದು ಬುಧವಾರ ಸಾರ್. ನಾನು ಮೂರು ದಿನದಿಂದ ಏನ್ ಮಾಡ್ತಿದ್ದೆ?" ಅಂದವಳೇ ಮೆಟ್ಟಿಲಿಳಿದಳು. ಗೇಟಿನ ಕಾವಲುಗಾರ ಏನೂ ಕೇಳದೆ ಸ್ಕೂಟರ್ ತೆಗೆದ. ಆ ಸ್ಕೂಟರನ್ನು ಸಾಮಾನ್ಯವಾಗಿ ಬಸವನಹುಳುಗಳೂ ಹಿಂದೆ ಹಾಕುತ್ತವೆ. ಅವತ್ತು ಮಾತ್ರ ಎರಡು ಕೆಂಪು ಸಿಗ್ನಲ್ ದಾಟಿತು. ಸಾವಿರಾರು ಮನೆಗಳ ಬಾಗಿಲಿನ ಸದ್ದು ಕೇಳಿದ್ದ ಬಾಗಿಲಕ್ಕ ಗಿರಾಕಿಯ ಮನೆಗೆ ಹೋಗುತ್ತಿದ್ದುದು ಅದೇ ಮೊದಲು.

ಕಿರಿದಾದ ಗಲ್ಲಿ, ಕೆಳಗಿನ ಮನೆ. ಬಾಗಿಲು ತೆರೆದೇ ಇತ್ತು. ಒಳಗೆ ಸುಟ್ಟ ಅಂಟಿನ ನಾತ. ಅರ್ಧ ಗೋಡೆ ಕಪ್ಪಾಗಿತ್ತು, ನೆಲದ ಮೇಲೆ ಒದ್ದೆ ಗೋಣಿಚೀಲ, ನೀರಿನಲ್ಲಿ ಉಬ್ಬಿದ ಪುಸ್ತಕಗಳು. ಮೇಲೆ ಕೆಂಪು ದೀಪ ಇನ್ನೂ ಮಿನುಗುತ್ತಿತ್ತು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಅಣ್ಣ ಕೂತಿದ್ದ. ಬೆಂಕಿಯನ್ನು ಅವನೇ ಗೋಣಿ ಹಾಕಿ ಆರಿಸಿದ್ದ. ಎರಡೂ ಕೈಗಳನ್ನು ಬಕೆಟ್ ನೀರಿನಲ್ಲಿ ಇಳಿಬಿಟ್ಟಿದ್ದ. ಅವಳನ್ನು ಕಂಡು ಗೋಡೆ ಗಡಿಯಾರದ ಕಡೆ ನೋಡಿದ. ಆಮೇಲೆ ಬಾಗಿಲಿಗೆ ಅಂಟಿಸಿದ್ದ ಚೀಟಿಯ ಕಡೆ ಗಲ್ಲ ಎತ್ತಿ ತೋರಿಸಿದ.

ಹತ್ತು ನಿಮಿಷದಲ್ಲಿ ಜನ ಬರುತ್ತಾರೆ ಎಂದು ಬರೆದಿತ್ತು. ಬರೆಸಿದವಳು ಅವಳೇ. ಮೇಲಿನ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದಳು, ಗಲ್ಲಿಯ ತುದಿಯಲ್ಲಿ ಕ್ಲಿನಿಕ್ ಇತ್ತು. ಆದರೂ ಆತ ಎಲ್ಲಿಗೂ ಹೋಗದೆ, ಹೇಳಿದ ಜಾಗದಲ್ಲಿ ಹೇಳಿದಂತೆ ಕೂತಿದ್ದ.

ಅಗ್ನಿಶಾಮಕದ ಇಬ್ಬರು ನಡೆದು ಬಂದು, ಒಲೆ ಮುಟ್ಟಿ ನೋಡಿ, ಅವನನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಬಾಗಿಲಕ್ಕನೂ ಹೋದಳು. ಡಾಕ್ಟರ್ ಕೈ ನೋಡುತ್ತಾ, "ಆಗಲೇ ಬಂದಿದ್ರೆ ಇಷ್ಟಾಗ್ತಿರಲಿಲ್ಲ. ಎಡಗೈ ಪರವಾಗಿಲ್ಲ. ಬಲಗೈ ಹೆಬ್ಬೆರಳು ಎಷ್ಟು ಮಡಚುತ್ತೋ ಈಗ ಹೇಳೋಕಾಗಲ್ಲ" ಅಂದರು. ಎರಡೂ ಕೈಗೆ ಮೊಣಕೈವರೆಗೆ ಬಟ್ಟೆ ಸುತ್ತಿದರು. ಅವನಿಗೆ ಕೈಯೆಂದರೆ ಬರೀ ಅನ್ನವಲ್ಲ, ಮಾತೂ ಅದರಲ್ಲೇ ಇತ್ತು ಎಂಬುದು ಬಾಗಿಲಕ್ಕನಿಗೆ ಆಗ ಹೊಳೆಯಿತು.

ಮನೆಗೆ ಮರಳಿದ ಮೇಲೆ ಒಂದು ರಟ್ಟಿನ ತುಂಡು ಹೆಕ್ಕಿ ಬರೆದಳು: 'ಬೆಂಕಿಯ ಸುದ್ದಿ ನಮಗೆ ಬಂದಿತ್ತು. ನಾನು ನಿಮ್ಮ ಮನೆಯನ್ನು ಟೆಸ್ಟ್‌ನಿಂದ ತೆಗೆದಿರಲಿಲ್ಲ. ಅದಕ್ಕೇ ಯಾರೂ ಬರಲಿಲ್ಲ. ತಪ್ಪು ನನ್ನದು.' ಅವನ ಮುಖದ ಮುಂದೆ ಹಿಡಿದಳು. ಅವನು ಓದಿದ. ಮತ್ತೊಮ್ಮೆ ಓದಿದ. ಏನೋ ಹೇಳಲು ಕೈ ಎತ್ತಿದವನು, ಬಟ್ಟೆ ನೋಡಿ ಇಳಿಸಿದ.

ಅಷ್ಟರಲ್ಲಿ ಕಂಡಕ್ಟರ್ ಓಡಿ ಬಂದಳು, ಸೀಟಿ ಇನ್ನೂ ಕೊರಳಲ್ಲೇ ನೇತಾಡುತ್ತಿತ್ತು. ಅಣ್ಣನ ತಲೆ, ಬೆನ್ನು, ಮುಖ ಎಲ್ಲ ಮುಟ್ಟಿ ನೋಡಿದಳು. ಕೈಗಳನ್ನು ಮುಟ್ಟಲು ಧೈರ್ಯ ಸಾಲಲಿಲ್ಲ.

"ನೀವ್ಯಾರು?"

"ಬುಧವಾರ ಫೋನಲ್ಲಿ ಹೇಳಿಕೊಟ್ಟೋಳು." ಬಾಗಿಲಕ್ಕ ರಟ್ಟಿನ ತುಂಡನ್ನು ಅವಳಿಗೂ ಕೊಟ್ಟಳು. ಬಾಯಿಂದ ಹೇಳಲು ಹೋದರೆ ಮಾತು ಬೇರೆ ದಾರಿ ಹಿಡಿದೀತೆಂಬ ಹೆದರಿಕೆ ಅವಳಿಗೆ.

ಕಂಡಕ್ಟರ್ ಓದಿದಳು. ಕೂಗಾಡಲಿಲ್ಲ. "ಬಿಚ್ಚಿ ಅದನ್ನ" ಅಂದಳು. "ನಮ್ಮಣ್ಣ ನಲವತ್ತು ವರ್ಷದಿಂದ ಮೂಗಿನಿಂದ ಹೊಗೆ ಹಿಡಿದು ಬದುಕಿದ್ದಾನೆ. ಈ ಡಬ್ಬಿ ಬಂದ್ಮೇಲೇ ನಂಬಿ ಕೂತ. ಬಿಚ್ಚಿ!"

ಬಾಗಿಲಕ್ಕ ಸ್ಟೂಲ್ ಹತ್ತಿದಳು. ಕೈ ಡಬ್ಬಿಯ ಮೇಲಿತ್ತು. ಅಷ್ಟರಲ್ಲಿ ಅಣ್ಣ ಎದ್ದು ಬಂದು ಸ್ಟೂಲಿಗೆ ಅಡ್ಡ ನಿಂತ. ಬಟ್ಟೆ ಸುತ್ತಿದ ಕೈಯನ್ನು ಕೆಂಪು ದೀಪದ ಕಡೆ ಎತ್ತಿ ತಲೆಯಾಡಿಸಿದ, ಹೌದು. ಬಾಗಿಲಿನ ಕಡೆ ಎತ್ತಿ ತಲೆ ಅಲ್ಲಾಡಿಸಿದ, ಇಲ್ಲ. ಮತ್ತೆ ಅದನ್ನೇ ಮಾಡಿದ.

"ದೀಪ ಸರಿಯಾಗೇ ಉರೀತು ಅಂತಾನೆ" ಅಂದಳು ಕಂಡಕ್ಟರ್. "ಬಾಗಿಲಿಂದ ಮನುಷ್ಯರೇ ಬರಲಿಲ್ಲ ಅಂತಾನೆ."

ಬಾಗಿಲಕ್ಕ ಸ್ಟೂಲಿನಿಂದ ಇಳಿದಳು.

"ನಿಮಗೆ ಸ್ವಂತ ಫೋನ್ ಇದೆಯಾ?" ಕಂಡಕ್ಟರ್ ಕೇಳಿದಳು.

"ಇದೆ."

"ಮೊದಲನೇ ನಂಬರ್ ಅದೇ ಹಾಕಿ. ಆಫೀಸಿಂದು ಬೇಡ, ನಿಮ್ದು. ಆಮೇಲೆ ಮೇಲಿನ ಟೈಲರಮ್ಮಂದು. ಆಮೇಲೆ ನಂದು."

ಬಾಗಿಲಕ್ಕ ನಿಗಾ ಕೋಣೆಗೆ ಫೋನ್ ಮಾಡಿ ಮೂರೂ ನಂಬರ್ ಹೇಳಿದಳು. ಮನೆಯನ್ನು ಟೆಸ್ಟ್‌ನಿಂದ ತೆಗೆಸಿದಳು. ಮಿನುಗುತ್ತಿದ್ದ ದೀಪ ಆರಿತು. ಕಂಡಕ್ಟರಿಗೆ ಅಷ್ಟು ಸಾಲಲಿಲ್ಲ. ಒಂದು ಕಾಗದ ಸುರುಳಿ ಮಾಡಿ, ಹೊತ್ತಿಸಿ, ಆರಿಸಿ, ಅದರ ಹೊಗೆಯನ್ನು ಡಬ್ಬಿಯ ಕೆಳಗೆ ಹಿಡಿದಳು. ಅಣ್ಣ ಮುಖ ತಿರುಗಿಸಿದ. ದೀಪ ಉರಿಯಿತು, ಸೈರನ್ ಕಿರುಚಿತು, ಟೈಲರಮ್ಮ ಮೇಲಿನಿಂದ ಏನಾಯ್ತು ಏನಾಯ್ತು ಎಂದು ಕೂಗಿದಳು. ಕಂಡಕ್ಟರ ಕಣ್ಣು ಬಾಗಿಲಕ್ಕನ ಅಂಗೈಯಲ್ಲಿದ್ದ ಫೋನಿನ ಮೇಲಿತ್ತು. ಆಮೇಲೆ ನಿಗಾ ಕೋಣೆಯ ಕರೆ ಬಂದು ಅದು ಬಡಿದುಕೊಂಡಿತು.

"ಹನ್ನೊಂದು ಸೆಕೆಂಡು" ಅಂದಳು ಕಂಡಕ್ಟರ್. ಕಾಗದವನ್ನು ಬಕೆಟ್ಟಿಗೆ ಹಾಕಿದಳು. ಬಾಗಿಲಕ್ಕನಿಗೆ ಕೂತ್ಕೊಳ್ಳಿ ಅನ್ನಲಿಲ್ಲ, ಹೋಗಿ ಅಂತಲೂ ಅನ್ನಲಿಲ್ಲ. ಬಗ್ಗಿ, ನೆಲದ ಮೇಲಿನ ಒದ್ದೆ ಪುಸ್ತಕಗಳನ್ನು ಒಂದೊಂದಾಗಿ ಎತ್ತತೊಡಗಿದಳು. ಸ್ವಲ್ಪ ಹೊತ್ತು ನಿಂತಿದ್ದು ಬಾಗಿಲಕ್ಕನೂ ಬಗ್ಗಿದಳು.